ಬೆಂಡೆಕಾಯಿಯ ತುದಿ ಮುರಿದು ನೋಡುವುದು ಸರಿಯೇ?

ತೂಕಕ್ಕೆ ಹಾಕುವ ಮುನ್ನ ಬೆಂಡೆಕಾಯಿಯ ತುದಿ ಮುರಿದು ನೋಡಬಹುದೇ, ಎಲೆಕೋಸಿನ ಹೊರ ಎಲೆಗಳನ್ನು ಕಿತ್ತು ಅಂಗಡಿಯಲ್ಲೇ ಬಿಡಬಹುದೇ ಎಂದು ತಾವು ಕೇಳಿದ್ದೀರಿ.

ಮೊದಲನೆಯದು ನಮ್ಮಲ್ಲಿ ಮನೆಮನೆಯ ರೂಢಿಯೇ ಆಗಿದ್ದರೂ ಅದು ಸರಿಯಲ್ಲವೆಂದೇ ನನ್ನ ದೃಢ ಅಭಿಪ್ರಾಯ. ಎಳೆಯ ಕಾಯಿಯ ತುದಿ ಲಟಕ್ಕನೆ ಮುರಿಯುತ್ತದೆ, ಬಲಿತದ್ದು ನಾರಿನಿಂದಾಗಿ ಬಾಗುತ್ತದೆ ಎಂಬುದು ನಿಜ. ಆದರೆ ಮುರಿದ ಜಾಗ ಬೇಗನೆ ಒಣಗಿ ಕಪ್ಪಾಗುವುದರಿಂದ, ತಾವು ಬೇಡವೆಂದು ರಾಶಿಗೆ ಮರಳಿಸಿದ ಕಾಯಿಯನ್ನು ಮತ್ತೊಬ್ಬರು ಆರಿಸುವುದು ಕಡಿಮೆ, ಆ ನಷ್ಟವೆಲ್ಲ ವ್ಯಾಪಾರಿಯ ತಲೆಗೇ ಬರುತ್ತದೆ. ಪರೀಕ್ಷಿಸಲೇಬೇಕೆಂದಿದ್ದರೆ ಒಂದೆರಡನ್ನು ಮಾತ್ರ ಮುರಿದು, ಅವು ಬಲಿತಿದ್ದರೂ ತಮ್ಮ ಬುಟ್ಟಿಗೇ ಹಾಕಿಕೊಳ್ಳಿ. ಬೆರಳುದ್ದದ, ಬೀಜದ ಉಬ್ಬು ಕಾಣದ ಕಾಯಿಗಳನ್ನು ಕಣ್ಣಳತೆಯಲ್ಲೇ ಆರಿಸಿದರೆ ಮುರಿಯುವ ಅಗತ್ಯವೇ ಅಷ್ಟಾಗಿ ಬೀಳದು.

ಎಲೆಕೋಸನ್ನು ಮಂಡಿಯಿಂದ ಮೂಟೆಯ ಲೆಕ್ಕದಲ್ಲಿ ತರುವ ವ್ಯಾಪಾರಿ ಆ ಹೊರ ಎಲೆಗಳ ತೂಕಕ್ಕೂ ಹಣ ಕೊಟ್ಟಿರುತ್ತಾರೆ. ಎಲೆ ಕೊಳೆತಿದ್ದರೆ ಅಥವಾ ಹುಳು ತಿಂದಿದ್ದರೆ, ತಾವೇ ಕೀಳದೆ, "ಇದೊಂದನ್ನು ತೆಗೆದು ತೂಗಿ" ಎಂದು ಕೇಳಿ, ಹೆಚ್ಚಿನವರು ಇಲ್ಲವೆನ್ನುವುದಿಲ್ಲ. ಹಾಗೆಯೇ, ತೂಗುವ ಮುನ್ನ ತಕ್ಕಡಿ ಸೊನ್ನೆ ತೋರಿಸುತ್ತಿದೆಯೇ ಎಂದು ನೋಡುವುದು ಗ್ರಾಹಕರ ಹಕ್ಕು, ಅದರಲ್ಲಿ ಸಂಕೋಚ ಬೇಡ.