ಕುದುರೆ ಹತ್ತಿಸಿದರೆ ಮಗು ನಡೆಯುತ್ತಾ?

ಹೋದ ತಿಂಗಳು ಈ ಅಂಕಣದಲ್ಲಿ ಮಕ್ಕಳ ಫಿಸಿಯೋಥೆರಪಿ ಬಗ್ಗೆ ಬರೆಯುವಾಗ, ಬೆಂಗಳೂರಿನಲ್ಲಿದ್ದ ಕಾಲಕ್ಕೆ ಭಾನುವಾರಗಳಲ್ಲಿ ಕುದುರೆ ಸವಾರಿ ಚಿಕಿತ್ಸೆಗೆ ಸ್ವಯಂಸೇವಕಿಯಾಗಿ ಹೋಗುತ್ತಿದ್ದೆ ಅಂತ ಒಂದು ಸಾಲು ಸುಮ್ನೆ ಸೇರಿಸಿದ್ದೆ. ಆ ಸಾಲಿಗೇ ಜಾಸ್ತಿ ಪತ್ರ ಬಂದಿವೆ. ಬೆನ್ನುನೋವಿನವರು ಈ ಸಲ ಸ್ವಲ್ಪ ಕಾಯಬೇಕು.

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಸ್ನಾಯು ಹತೋಟಿಗೆ ಬಾರದ ಸ್ಥಿತಿ). ಎರಡೂ ಕಾಲು ಬಿಗಿ, ನಿಲ್ಲಿಸಿದರೆ ಕತ್ತರಿಯ ಹಾಗೆ ಒಂದರ ಮೇಲೊಂದು ಬರುತ್ತವೆ. ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾನೆ. ವಾರಕ್ಕೆ ಎರಡು ಸಲ ಮಂಗಳೂರಿಗೆ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುತ್ತೇವೆ. ಬೆಂಗಳೂರಿನಲ್ಲಿರುವ ನಾದಿನಿ, "ಇಲ್ಲಿ ಕುದುರೆ ಮೇಲೆ ಕೂರಿಸ್ತಾರೆ, ಆಮೇಲೆ ನಡೀತಾನೆ ನೋಡು" ಅನ್ನುತ್ತಾಳೆ. ನಿಜವಾ ಮೇಡಂ?
— ಒಬ್ಬ ಅಮ್ಮ, ಪೆರ್ಲ

ಉತ್ತರ: ಅಕ್ಕಾ, ನಾದಿನಿಯ ಮಾತಿನಲ್ಲಿ ಅರ್ಧ ನಿಜ ಇದೆ. ಕುದುರೆ ಹತ್ತಿದ ಮಾತ್ರಕ್ಕೆ ಯಾವ ಮಗುವೂ ನಡೆಯುವುದಿಲ್ಲ, ಹಾಗಂತ ಯಾರಾದರೂ ಭರವಸೆ ಕೊಟ್ಟರೆ ಅಲ್ಲಿ ದುಡ್ಡು ಕಟ್ಟಬೇಡಿ. ಆದರೆ ಕುದುರೆಯ ಬೆನ್ನು ಮಾಡುವ ಕೆಲಸವೊಂದು ನಿಜವಾಗಿಯೂ ಇದೆ. ಈಗಲೇ ಎದ್ದು, ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ಅಂಗಳದಲ್ಲಿ ಹತ್ತು ಹೆಜ್ಜೆ ನಡೆದು ನೋಡಿ. ಸೊಂಟ ಬರೀ ಮುಂದೆ ಹೋಗುವುದಿಲ್ಲ. ಆಚೆ ಈಚೆ ವಾಲುತ್ತದೆ, ಚೂರು ತಿರುಗುತ್ತದೆ, ಮೇಲೆ ಕೆಳಗೂ ಆಗುತ್ತದೆ. ನಿಧಾನ ನಡೆಯುವ ಕುದುರೆಯ ಬೆನ್ನು ಮೇಲೆ ಕೂತವರ ಸೊಂಟವನ್ನು ಹೆಚ್ಚು ಕಮ್ಮಿ ಹಾಗೇ ಆಡಿಸುತ್ತದೆ. ಸರಿಯಾಗಿ ನಡೆದೇ ಗೊತ್ತಿಲ್ಲದ ಮಗುವಿಗೆ ಕೂತಲ್ಲೇ ನಡಿಗೆಯ ಅಲುಗಾಟ ಸಿಗುತ್ತದೆ, ಅದೂ ಅರ್ಧ ಗಂಟೆಯಲ್ಲಿ ಲೆಕ್ಕವಿಲ್ಲದಷ್ಟು ಸಲ, ಮತ್ತು ಪ್ರತಿ ಸಲವೂ ವಾಲಿ ಬೀಳದ ಹಾಗೆ ಹೊಟ್ಟೆ, ಬೆನ್ನು, ಕುತ್ತಿಗೆ ತಮ್ಮಷ್ಟಕ್ಕೆ ಸರಿಮಾಡಿಕೊಳ್ಳಬೇಕಾಗುತ್ತದೆ. ಇದನ್ನು ನಾನು ಚಾಪೆ ಮೇಲೆ ಮಾಡಿಸಲು ಹೋದರೆ ಹತ್ತನೇ ಸಲಕ್ಕೆ ಮಗು ಅಳಲು ಶುರು ಮಾಡುತ್ತದೆ.

ಇನ್ನೊಂದು, ಬಿಸಿ. ಕುದುರೆಯ ಮೈ ಸುಮಾರು 38 ಡಿಗ್ರಿ ಸೆಲ್ಸಿಯಸ್, ನಮಗಿಂತ ಒಂದು ಡಿಗ್ರಿ ಜಾಸ್ತಿ. ಅದಕ್ಕೇ ಕೆಲವು ಕಡೆ ಜೀನು ಹಾಕದೆ ಬರೀ ದಪ್ಪ ಕಂಬಳಿ ಹಾಸಿ ಕೂರಿಸುತ್ತಾರೆ. ಅಗಲವಾದ ಬೆಚ್ಚನೆ ಬೆನ್ನಿನ ಮೇಲೆ ಕಾಲು ಆಚೆ ಈಚೆ ಹಾಕಿ ಕೂತರೆ ಕತ್ತರಿ ಹಾಕುವ ತೊಡೆಯ ಸ್ನಾಯು ಮೆಲ್ಲಗೆ ಬಿಡುತ್ತದೆ. "ಹಾಗಾದರೆ ಡ್ರಮ್ಮಿನ ಮೇಲೆ ಕೂರಿಸಿದರೂ ಆಗುತ್ತಲ್ಲ" ಅಂತ ನಿಮಗೆ ಅನ್ನಿಸಬಹುದು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅದನ್ನೇ ನೋಡಿದರು. ನಿಮ್ಮ ಮಗನ ಹಾಗೆ ಕಾಲು ಬಿಗಿ ಇರುವ ಮಕ್ಕಳನ್ನು ಕೆಲವರನ್ನು 10 ನಿಮಿಷ ಕುದುರೆ ಮೇಲೆ, ಕೆಲವರನ್ನು ಅಷ್ಟೇ ಹೊತ್ತು ಡ್ರಮ್ಮಿನ ಮೇಲೆ ಕೂರಿಸಿದರು. ನಡೆಯುವಾಗ ಎರಡೂ ತೊಡೆಯ ಸ್ನಾಯು ಸಮವಾಗಿ ಕೆಲಸ ಮಾಡುವುದು ಕುದುರೆ ಹತ್ತಿದವರಲ್ಲಿ ಸುಧಾರಿಸಿತು, ಡ್ರಮ್ಮಿನವರಲ್ಲಿ ಅಷ್ಟು ಆಗಲಿಲ್ಲ. ಇಂಥ ಅಧ್ಯಯನಗಳೆಲ್ಲ ಚಿಕ್ಕವು, ಅದೂ ನಿಮಗೆ ಗೊತ್ತಿರಲಿ. ಕೂರುವ ಭಂಗಿ, ಸಮತೋಲನ ಸ್ವಲ್ಪ ಸುಧಾರಿಸಬಹುದು ಅನ್ನುವಷ್ಟನ್ನು ಧೈರ್ಯವಾಗಿ ಹೇಳುತ್ತೇನೆ. ಅದಕ್ಕಿಂತ ಜಾಸ್ತಿ ಹೇಳುವುದಿಲ್ಲ.

ಹೋಗುವುದೇ ಆದರೆ ಮೊದಲು ಸೊಂಟದ ಕೀಲಿನ ಎಕ್ಸ್‌ರೇ ತೆಗೆಸಿ. ಇಂಥ ಮಕ್ಕಳಲ್ಲಿ ತೊಡೆಯ ಮೂಳೆ ಕೀಲಿನಿಂದ ಮೆಲ್ಲಗೆ ಜಾರಿರುವುದುಂಟು, ಹಾಗಿದ್ದರೆ ಕಾಲು ಅಗಲಿಸಿ ಕೂರಿಸುವುದು ಅಪಾಯ. ಹತೋಟಿಗೆ ಬಾರದ ಫಿಟ್ಸ್ ಇದ್ದರೆ ಬೇಡವೇ ಬೇಡ. ಹೆಲ್ಮೆಟ್ಟಿನ ಭಾರಕ್ಕೆ ಕುತ್ತಿಗೆ ನಿಲ್ಲುತ್ತದಾ ನೋಡಬೇಕು. ಡಾಕ್ಟರ ಪತ್ರ ಕೇಳದೆ ಸೀದಾ ಕುದುರೆ ಹತ್ತಿಸುವ ಕಡೆಯಿಂದ ಸೀದಾ ಮನೆಗೆ ಬನ್ನಿ. ನಡೆಸುವವರು ಯಾರು ಅಂತಲೂ ಕೇಳಿ. ಹಿಪೋಥೆರಪಿ ಅಂದರೆ ಫಿಸಿಯೋಥೆರಪಿಸ್ಟೋ, ದಿನನಿತ್ಯದ ಕೆಲಸ ಮಾಡಲು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟೋ ಜೊತೆಗಿದ್ದು ಕುದುರೆಯ ನಡಿಗೆಯನ್ನು ಚಿಕಿತ್ಸೆಗೆ ಬಳಸುವುದು. ಥೆರಪ್ಯೂಟಿಕ್ ರೈಡಿಂಗ್ ಅಂದರೆ ಮಗುವಿಗೆ ಸವಾರಿಯನ್ನೇ ಕಲಿಸುವುದು. ಎರಡೂ ಒಳ್ಳೆಯದೇ, ಆದರೆ ನಿಮ್ಮ ಮಗನಿಗೆ ಈಗ ಬೇಕಾದದ್ದು ಮೊದಲನೆಯದು.

ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಎರಡು ಸಲ ಕೂರಿಸಿ ವಾಪಸ್ ಬಂದರೆ ಅವನಿಗೆ ಖುಷಿ, ನಿಮಗೆ ಫೋಟೋ, ಅಷ್ಟೇ. ವಾರ ವಾರ ಆಗಬೇಕು. ಬೇಸಿಗೆ ರಜೆಯಲ್ಲಿ ನಾದಿನಿ ಮನೆಯಲ್ಲಿ ಎರಡು ತಿಂಗಳು ಇರಲು ಆಗುವುದಾದರೆ ಮಾಡಿ ನೋಡಿ. ಅದಕ್ಕೋಸ್ಕರ ಮಂಗಳೂರಿನದ್ದನ್ನು ಬಿಡಬೇಡಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಮಾಡಿಸಿದ್ದೀರಾ? ಸೆರೆಬ್ರಲ್ ಪಾಲ್ಸಿ ಇರುವವರಿಗೆ ಸಿಗುತ್ತದೆ, ಮಿತಿ 1 ಲಕ್ಷ ರೂಪಾಯಿ. ಮಾಡಿಸದಿದ್ದರೆ ಕುದುರೆಗಿಂತ ಮೊದಲು ಅದು.

ಪ್ರಶ್ನೆ: ಮೊಮ್ಮಗಳಿಗೆ ಒಂಬತ್ತು ವರ್ಷ. ಕೂರುತ್ತಾಳೆ, ಆದರೆ ಒಂದು ಕಡೆಗೆ ವಾಲುತ್ತಾಳೆ. ಬೀಚಿನಲ್ಲಿ ಒಬ್ಬ ಕುದುರೆ ಇಟ್ಟುಕೊಂಡಿದ್ದಾನೆ, ಒಂದು ಸುತ್ತಿಗೆ ನೂರು ರೂಪಾಯಿ. ದಿನಾ ಸಂಜೆ ಕರೆದುಕೊಂಡು ಹೋದರೆ ಅದೇ ಚಿಕಿತ್ಸೆ ಆಗುವುದಿಲ್ಲವೇ?
— ಒಬ್ಬ ಅಜ್ಜ, ಕುಂಬಳೆ

ಉತ್ತರ: ಅಜ್ಜಾ, ದಮ್ಮಯ್ಯ, ಬೇಡ. ಅಲ್ಲಿ ಹೆಲ್ಮೆಟ್ ಇಲ್ಲ, ಪಕ್ಕದಲ್ಲಿ ಹಿಡಿದು ನಡೆಯುವವರಿಲ್ಲ, ಹಗ್ಗ ಹಿಡಿದವನ ಕಣ್ಣು ಮುಂದಿನ ಗಿರಾಕಿ ಮೇಲೆ. ಗಾಳಿಪಟ, ಪಟಾಕಿ, ನಾಯಿ ಎಲ್ಲ ಇರುವ ಜಾಗ. ವಾಲುವ ಮಗು ಬಿದ್ದರೆ ನೂರು ರೂಪಾಯಿಯ ಚಿಕಿತ್ಸೆ ಎಲ್ಲಿಗೆ ಮುಟ್ಟುತ್ತದೆ ಅಂತ ಹೇಳಬೇಕಾಗಿಲ್ಲ. ಅವಳಿಗೆ ಕುದುರೆ ನೋಡುವ ಆಸೆ ಇದ್ದರೆ ಖಂಡಿತ ಕರೆದುಕೊಂಡು ಹೋಗಿ. ಅದರ ಹಿಂದೆ ಮಾತ್ರ ನಿಲ್ಲಬೇಡಿ, ತನ್ನ ಬೆನ್ನ ಹಿಂದೆ ಏನಿದೆ ಅಂತ ಕುದುರೆಗೆ ಕಾಣುವುದಿಲ್ಲ. ಭುಜದ ಪಕ್ಕ ನಿಂತು ಕುತ್ತಿಗೆ ಸವರಲಿ. ಕಿವಿ ಹಿಂದಕ್ಕೆ ಒತ್ತಿಕೊಂಡಿತೋ, ಅದಕ್ಕೆ ಸಿಟ್ಟು ಬಂದಿದೆ, ವಾಪಸ್ ಬಂದುಬಿಡಿ.

ಪ್ರಶ್ನೆ: ಇದೆಲ್ಲ ದುಡ್ಡಿದ್ದವರ ಹೊಸ ಫ್ಯಾಷನ್ ಅಲ್ಲವೇ?
— ನಿವೃತ್ತ ಮೇಷ್ಟ್ರು, ಮಂಜೇಶ್ವರ

ಉತ್ತರ: ದುಡ್ಡಿನ ಮಾತು ಒಪ್ಪಿದೆ ಮೇಷ್ಟ್ರೇ. ಸವಾರಿ ಇರಲಿ ಇಲ್ಲದಿರಲಿ, ಆಟಿ ತಿಂಗಳ ಮಳೆಯಲ್ಲೂ ಕುದುರೆಗೆ ಹುಲ್ಲು ಹಾಕಬೇಕು, ಗೊರಸು ಕೆತ್ತಿಸಬೇಕು. ಹೊಸದು ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅನ್ನುವ ಸವಾರಿಣಿಗೆ 1944ರಲ್ಲಿ, ಬಸುರಿಯಾಗಿದ್ದಾಗ, ಪೋಲಿಯೋ ಬಡಿಯಿತು. ಮೊಣಕಾಲಿನ ಕೆಳಗೆ ಶಕ್ತಿ ಬರಲೇ ಇಲ್ಲ. ಕುದುರೆ ಹತ್ತಲು ಇಳಿಯಲು ಬೇರೆಯವರು ಬೇಕಿತ್ತು. ಆಕೆ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಡ್ರೆಸಾಜ್ (ಕುದುರೆಯನ್ನು ನಾಜೂಕಾಗಿ ಹೆಜ್ಜೆ ಹಾಕಿಸುವ) ಸ್ಪರ್ಧೆಯಲ್ಲಿ ಗಂಡಸರ ಜೊತೆ ಸ್ಪರ್ಧಿಸಿ ಬೆಳ್ಳಿ ಗೆದ್ದರು, 1956ರಲ್ಲಿ ಮತ್ತೆ ಬೆಳ್ಳಿ. ಹೆಲ್ಸಿಂಕಿಯಲ್ಲಿ ಪದಕ ಕೊಡುವಾಗ ಚಿನ್ನ ಗೆದ್ದ ಸ್ವೀಡನ್ನಿನ ಸವಾರನೇ ಆಕೆಯನ್ನು ಹಿಡಿದು ವೇದಿಕೆ ಹತ್ತಿಸಿದ. ಆಕೆಯನ್ನು ನೋಡಿ ಯುರೋಪಿನಲ್ಲಿ ಹಲವರು ಅಂಗವಿಕಲ ಮಕ್ಕಳಿಗೆ ಸವಾರಿ ಕಲಿಸಲು ಹೊರಟರು. 1969ರ ಹೊತ್ತಿಗೆ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಇದಕ್ಕೆ ರಾಷ್ಟ್ರಮಟ್ಟದ ಸಂಘಗಳೇ ಹುಟ್ಟಿಕೊಂಡವು.

ಪ್ರಶ್ನೆ: ಮೇಡಂ, ನಾನು ಉಪ್ಪಳದವಳು, ಬೆಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ನಿಮ್ಮ ಹಾಗೆ ಭಾನುವಾರ ಸ್ವಯಂಸೇವಕಿಯಾಗಿ ಹೋಗಬೇಕು ಅಂತ ಆಸೆ. ಆದರೆ ನಾನು ಕುದುರೆ ಮುಟ್ಟಿಯೇ ಇಲ್ಲ, ಹೆದರಿಕೆ ಬೇರೆ. ನನ್ನಂಥವರಿಗೆ ಅಲ್ಲಿ ಕೆಲಸ ಇದೆಯಾ?
— ಕಾಲೇಜು ಹುಡುಗಿ

ಉತ್ತರ: ಇದೆ ಮಗಳೇ, ಇರುವುದೇ ನಿನ್ನಂಥವರಿಗೆ. ನಾನಾದರೂ ಏನು? ಹೋಗುವ ಮೊದಲು ನಾನು ಹತ್ತಿರದಿಂದ ನೋಡಿದ್ದು ಮೆರವಣಿಗೆಯ ಕೀಲುಕುದುರೆ ಮಾತ್ರ. ಸವಾರಿ ಗೊತ್ತಿರಬೇಕಾಗಿಲ್ಲ. ಮರಳಿನಲ್ಲಿ ಅರ್ಧ ಮುಕ್ಕಾಲು ಗಂಟೆ ನಡೆಯುವ ಕಾಲು ಬೇಕು, ಬಾಯಿ ಮುಚ್ಚಿಕೊಂಡಿರಲು ಗೊತ್ತಿರಬೇಕು. ಎರಡನೆಯದು ನನಗೆ ಕಷ್ಟವಾಯಿತು.

ಒಂದು ಮಗುವಿಗೆ ಸಾಮಾನ್ಯವಾಗಿ ಮೂವರು ಬೇಕು. ಕುದುರೆಯ ಹಗ್ಗ ಹಿಡಿದು ತಲೆಯ ಪಕ್ಕ ನಡೆಯುವ ಲೀಡರ್, ಮಗುವಿನ ಎಡಕ್ಕೊಬ್ಬರು ಬಲಕ್ಕೊಬ್ಬರು ಸೈಡ್‌ವಾಕರ್. ಹೊಸಬರನ್ನು ಸೈಡ್‌ವಾಕರ್ ಮಾಡುತ್ತಾರೆ. ಮೊಣಕೈಯಿಂದ ಮುಂದಿನ ಕೈಯನ್ನು ಮಗುವಿನ ತೊಡೆಯ ಮೇಲೆ ಅಡ್ಡ ಇಟ್ಟು, ಬೆರಳಿನಿಂದ ಜೀನಿನ ಮುಂಭಾಗ ಹಿಡಿದುಕೊಳ್ಳಬೇಕು. ಕುದುರೆಯ ಮೈಗೆ ಮೊಣಕೈ ಚುಚ್ಚಬಾರದು. ಕೈ ಸೋತರೆ ಕುದುರೆ ನಿಲ್ಲಿಸಲು ಹೇಳಿ ಪಕ್ಕ ಬದಲಾಯಿಸಿಕೊಳ್ಳಬೇಕು, ಅದೂ ಒಬ್ಬೊಬ್ಬರಾಗಿ, ಇಬ್ಬರೂ ಒಟ್ಟಿಗೆ ಬಿಡುವ ಹಾಗಿಲ್ಲ. ಹಗ್ಗವನ್ನು ಯಾರೇ ಹಿಡಿದರೂ ಕೈಗೆ ಸುತ್ತಿಕೊಳ್ಳಬಾರದು. ಕುದುರೆ ಓಡಿದರೆ ಬೆರಳು ಉಳಿಯುವುದಿಲ್ಲ.

ನನ್ನ ಮೊದಲ ಮಗು ಆರು ವರ್ಷದ ಹುಡುಗಿ. ತೊಡೆ ಮುಟ್ಟಿದರೆ ಹಲಸಿನ ಕೊರಡು. ಬಿದ್ದರೆ ಏನು ಗತಿ ಅಂತ ನಾನು ಅವಳನ್ನು ಎಷ್ಟು ಗಟ್ಟಿಯಾಗಿ ಒತ್ತಿ ಹಿಡಿದಿದ್ದೆ ಅಂದರೆ ಎರಡನೇ ಸುತ್ತಿಗೆ ನನ್ನದೇ ಕೈ ನಡುಗುತ್ತಿತ್ತು. ನಾಲ್ಕನೆಯದೋ ಐದನೆಯದೋ ಸುತ್ತಿನಲ್ಲಿ ನನ್ನ ಕೈ ಕೆಳಗಿನ ತೊಡೆ ಸ್ವಲ್ಪ ಮೆತ್ತಗಾದ ಹಾಗಾಯಿತು. ನನ್ನ ಭ್ರಮೆ ಅಂದುಕೊಂಡೆ. ಕೆಳಗೆ ನೋಡಿದರೆ ಯಾವಾಗಲೂ ತುದಿಗಾಲಲ್ಲಿ ನಿಂತ ಹಾಗೆ ಚೂಪಾಗಿರುತ್ತಿದ್ದ ಹಿಮ್ಮಡಿ ಇಳಿದಿದೆ. ಆಗ ಮಧ್ಯದಲ್ಲಿ ನಿಂತಿದ್ದ ಟೀಚರ್, "ಈಗ ಕೈ ಎತ್ತಿ" ಅಂದರು. ನಾನು ಎತ್ತಲಿಲ್ಲ. ಇನ್ನೊಂದು ಸಲ ಹೇಳಿಸಿಕೊಂಡು, ಅರ್ಧ ಇಂಚು ಎತ್ತಿದೆ. ಹುಡುಗಿ ನನ್ನ ಕಡೆಗೆ ವಾಲಿದಳು, ಉಸಿರು ನಿಂತಿತು ನನಗೆ, ಅಷ್ಟರಲ್ಲಿ ಅವಳೇ ಜೂಲು ಹಿಡಿದು ನೆಟ್ಟಗಾದಳು. ನಾನು ಹಿಡಿದೇ ಇದ್ದಿದ್ದರೆ ಆ ಬೆನ್ನಿಗೆ ಅವತ್ತು ಕೆಲಸವೇ ಇರುತ್ತಿರಲಿಲ್ಲ.

ಬಾಯಿ ಮುಚ್ಚಿಕೊಳ್ಳುವ ವಿಷಯ. ಮಾತು ತಡವಾದ ಒಬ್ಬ ಹುಡುಗನಿದ್ದ. ಅವನು "ನಡಿ" ಅಂದ ಮೇಲೆಯೇ ಕುದುರೆ ಹೊರಡಬೇಕು ಅಂತ ನಿಯಮ. ನಾವು ಮೂವರೂ ಕುದುರೆಯೂ ಬಿಸಿಲಲ್ಲಿ ನಿಂತೆವು. ಅವನು ಹೇಳುವುದಿಲ್ಲ. ನೊಣ ಬರುತ್ತದೆ, ಕುದುರೆ ಬಾಲ ಬೀಸುತ್ತದೆ. ನನ್ನ ನಾಲಿಗೆ ತುದಿಯಲ್ಲಿ ಆ ಎರಡಕ್ಷರ ಕುಣಿಯುತ್ತಿದೆ. ಕೊನೆಗೆ "ನ" ಅಂತ ಬಂತು. ಲೀಡರ್ ತಕ್ಷಣ ಹೊರಟರು. ಆಟಿಸಂ ಇರುವ ಮಕ್ಕಳ ಮೇಲೆ ಅಮೆರಿಕದಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. 6ರಿಂದ 16 ವರ್ಷದ 127 ಮಕ್ಕಳು, 10 ವಾರ. ಅರ್ಧ ಮಕ್ಕಳು ಕುದುರೆ ಹತ್ತಿದರು, ಉಳಿದವರು ಅದೇ ಲಾಯದಲ್ಲಿ ನಿಜವಾದ ಕುದುರೆ ಇಲ್ಲದೆ ಕುದುರೆಯ ಪಾಠ ಕಲಿತರು. ಹತ್ತಿದವರಲ್ಲಿ ಕಿರಿಕಿರಿ, ಚಡಪಡಿಕೆ ಜಾಸ್ತಿ ಇಳಿದಿತ್ತು, ಮಾತೂ ಸ್ವಲ್ಪ ಸುಧಾರಿಸಿತ್ತು. ಅದನ್ನು ಓದಿದಾಗ ನನಗೆ ಆ "ನ" ನೆನಪಾಯಿತು.

ಕೆಟ್ಟದ್ದನ್ನೂ ಹೇಳಿಬಿಡುತ್ತೇನೆ. ನಾನು ಹೋಗುತ್ತಿದ್ದ ಇನ್ನೊಂದು ಜಾಗದಲ್ಲಿ ಒಂದು ದಿನ ಲೀಡರ್ ಆಗಿದ್ದವನು ಫೋನ್ ನೋಡುತ್ತಿದ್ದ. ಗಾಳಿಗೆ ಟಾರ್ಪಾಲು ಪಟಪಟ ಅಂತು, ಕುದುರೆ ಪಕ್ಕಕ್ಕೆ ಹಾರಿತು. ಎಡಗಡೆಯ ಸೈಡ್‌ವಾಕರ್ ಮಗುವನ್ನು ಸೊಂಟ ಹಿಡಿದು ತನ್ನ ಮೈಮೇಲೆ ಎಳೆದುಕೊಂಡಿದ್ದರಿಂದ ಮಂಡಿ ತರಚಿದ್ದರಲ್ಲಿ ಮುಗಿಯಿತು. ಹಾಗೆ ಇಳಿಸುವುದನ್ನು ಮೊದಲೇ ಅಭ್ಯಾಸ ಮಾಡಿಸದ ಕಡೆ ನೀನು ಹೋಗಬೇಡ. ಚಪ್ಪಲಿ ಹಾಕಿಕೊಂಡು ಹೋಗಬೇಡ, ಬೂಟು ಬೇಕು. ಸೆಂಟ್ ಬೇಡ, ತೂಗಾಡುವ ವೇಲ್ ಬೇಡ. ಧನುರ್ವಾಯುವಿನ (ಟೆಟನಸ್) ಇಂಜೆಕ್ಷನ್ ಆಗಿದೆಯಾ ನೋಡಿಕೋ. ಹೆದರಿಕೆ ಇರಲಿ ಬಿಡು, ಹೆದರಿಕೆ ಇಲ್ಲದವರೇ ಫೋನ್ ನೋಡುವುದು.

ಪ್ರಶ್ನೆ: ತಮ್ಮನಿಗೆ ಡೌನ್ ಸಿಂಡ್ರೋಮ್, ವಯಸ್ಸು 11. ಅವನನ್ನು ಹತ್ತಿಸಬಹುದಾ?
— ಅಕ್ಕ, ಮುಳ್ಳೇರಿಯ

ಉತ್ತರ: ಡಾಕ್ಟರ್ ಒಪ್ಪದೆ ಬೇಡ. ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವಿನ ಕಟ್ಟು ಸಡಿಲ ಇರುತ್ತದೆ, ಕುಲುಕಾಟಕ್ಕೆ ಮಿದುಳುಬಳ್ಳಿಗೆ ಪೆಟ್ಟಾಗಬಹುದು. ಪರೀಕ್ಷೆ ಮಾಡಿಸಿ, ಅಗತ್ಯ ಅಂದರೆ ಕುತ್ತಿಗೆಯ ಎಕ್ಸ್‌ರೇ. ನಡಿಗೆಯಲ್ಲಿ ತೊಡರು, ಕೈಯಲ್ಲಿ ಶಕ್ತಿ ಕಮ್ಮಿಯಾದ ಹಾಗೆ ಇತ್ತೀಚೆಗೆ ಕಂಡಿದ್ದರೆ ಕುದುರೆ ವಿಷಯ ಬಿಟ್ಟು ಮೊದಲು ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಾನು ಎಣ್ಮಕಜೆ ಕಡೆಯ ಒಂದು ಬಡ್ಸ್ ಶಾಲೆಯಲ್ಲಿ (ಕೇರಳದಲ್ಲಿ ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳ ವಿಶೇಷ ಶಾಲೆ) ಟೀಚರ್. ನಮ್ಮ ಹೆಚ್ಚಿನ ಮಕ್ಕಳು ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿರುವವರು. ಯಾರಾದರೂ ದಾನಿಗಳು ಸಿಕ್ಕರೆ ಶಾಲೆಗೇ ಒಂದು ಕುದುರೆ ತರಿಸಬಹುದಾ?
— ಟೀಚರ್

ಉತ್ತರ: ಟೀಚರ್, ನಿಮ್ಮ ಆಸೆ ಅರ್ಥವಾಗುತ್ತದೆ. ಗೇರು ತೋಟದ ಮೇಲೆ ಎಂಡೋಸಲ್ಫಾನ್ ಸಿಂಪಡಿಸುವ ಹೆಲಿಕಾಪ್ಟರ್ ಹಾರುವುದು ನಿಂತದ್ದು 2000ದಲ್ಲಿ. 5 ಲಕ್ಷ ಪರಿಹಾರ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ಅಷ್ಟು ಕಾದವರಿಗೆ ಒಂದು ಕುದುರೆ ಹೆಚ್ಚಾಯಿತಾ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ತರಿಸಬೇಡಿ. ಒಂದು ಕುದುರೆ ಒಂಟಿಯಾಗಿದ್ದರೆ ಮಂಕಾಗುತ್ತದೆ, ಮಕ್ಕಳ ಕೆಲಸಕ್ಕೆ ಅದನ್ನು ತಿಂಗಳುಗಟ್ಟಲೆ ಪಳಗಿಸಬೇಕು, ಲಾಳ ಹೊಡೆಯುವವರು ನಮ್ಮ ಕಡೆ ಎಲ್ಲಿದ್ದಾರೆ? ದಾನಿಗಳು ಸಿಕ್ಕರೆ ವಾರಕ್ಕೊಂದು ದಿನ ಹೆಚ್ಚು ಬರುವ ಫಿಸಿಯೋಥೆರಪಿಸ್ಟಿನ ಸಂಬಳ ಕೇಳಿ. ಜೊತೆಗೆ ಹತ್ತಿರದ ಕಾಲೇಜಿನ ಎನ್ನೆಸ್ಸೆಸ್ ಹುಡುಗ ಹುಡುಗಿಯರನ್ನು ಶನಿವಾರ ಕರೆಸಿ. ಗೋಡೆ ಹಿಡಿದು ನಡೆಯುವ ಮಕ್ಕಳ ಎರಡೂ ಪಕ್ಕ ಒಬ್ಬೊಬ್ಬರು, ಗೇಟಿನವರೆಗೆ ಹೋಗಿ ಬರುವುದು. ಎಲ್ಲಿ ಹಿಡಿಯಬೇಕು, ಯಾವಾಗ ಕೈ ಎತ್ತಬೇಕು ಅಂತ ಒಂದು ಬೆಳಗ್ಗೆ ಬಂದು ನಾನು ತೋರಿಸಿಕೊಡುತ್ತೇನೆ. ಶಾಲೆಯ ಹೆಸರು ಬರೆದು ಪತ್ರಿಕೆಗೆ ಒಂದು ಕಾರ್ಡು ಹಾಕಿ.

ಪ್ರಶ್ನೆ: ಕುದುರೆಗೆ ಹುರುಳಿ ಕೊಡ್ತಾರಂತೆ. ನಾನು ಕೊಡಬೇಕಾದರೆ ಹೇಗೆ ಕೊಡುವುದು? ಕಚ್ಚುತ್ತದಾ?
— ಐದನೇ ಕ್ಲಾಸಿನ ಹುಡುಗ, ಬದಿಯಡ್ಕ

ಉತ್ತರ: ಕೊಡ್ತಾರೆ ಪುಟ್ಟಾ, ನೆನೆಸಿಯೋ ಬೇಯಿಸಿಯೋ. ನೀನು ಮೊದಲು ಕುದುರೆಯವರನ್ನು ಕೇಳು. ಅವರು ಹ್ಞೂಂ ಅಂದರೆ ಒಂದು ಕ್ಯಾರೆಟ್ ತುಂಡು ಅಂಗೈ ಮೇಲಿಟ್ಟು, ಅಂಗೈಯನ್ನು ತಟ್ಟೆಯ ಹಾಗೆ ಪೂರ್ತಿ ಬಿಡಿಸಿ ಹಿಡಿ. ಹೆಬ್ಬೆರಳೂ ಪಕ್ಕಕ್ಕೆ ಸೇರಿರಬೇಕು, ಮೇಲೆದ್ದರೆ ಅದನ್ನೂ ಕ್ಯಾರೆಟ್ ಅಂದುಕೊಳ್ಳುತ್ತದೆ. ಮೂಗಿನ ಕೆಳಗೆ ಏನಿದೆ ಅಂತ ಅದಕ್ಕೆ ಕಾಣುವುದಿಲ್ಲ, ತುಟಿಯಿಂದಲೇ ಹುಡುಕುತ್ತದೆ. ಕಚಗುಳಿಯಾಗುತ್ತದೆ, ಕೈ ಎಳೆದುಕೊಳ್ಳಬೇಡ.