ಟೆಂತ್ ಬಂತು, ಹುಡುಗರು ಕಬಡ್ಡಿ ಬಿಟ್ಟರು

ಪ್ರಶ್ನೆ: ನಮ್ಮದು ಮಂಡ್ಯ ಕಡೆಯ ಊರು. ನಾಲ್ಕೈದು ಗೆಳೆಯರು ಸೇರಿ ಸಂಜೆ ಹೊತ್ತು ಊರ ಹುಡುಗರಿಗೆ ಕಬಡ್ಡಿ ಆಡಿಸುತ್ತೇವೆ. ಏಳನೇ ಕ್ಲಾಸಿನವರು ಓಡಿ ಬರುತ್ತಾರೆ. ಒಂಬತ್ತು ದಾಟಿದ್ದೇ ತಡ, ಒಬ್ಬೊಬ್ಬರೇ ಮಾಯ. ಏನು ಮಾಡೋದು?

ಉತ್ತರ: ಟ್ಯೂಷನ್, ಮೊಬೈಲ್ ಅಂತ ಬೈಯೋದು ಸುಲಭ. ಅದಕ್ಕೂ ಮೊದಲು ಒಂದು ಸಂಜೆ ಗೆರೆಯಾಚೆ ಕೂತವರನ್ನು ಸುಮ್ನೆ ನೋಡಿ. ಕಬಡ್ಡಿಯಲ್ಲಿ ಔಟಾದವನು ವಾಪಸ್ ಬರಬೇಕಾದರೆ ಅವನ ತಂಡ ಎದುರಿನವರನ್ನು ಔಟ್ ಮಾಡಬೇಕು, ಅಲ್ವಾ? ಹಾಗಾಗಿ ಆಟ ಅಷ್ಟಾಗಿ ಬಾರದ ಹುಡುಗ ಮೊದಲ ರೈಡಿಗೇ ಔಟಾಗಿ, ಮೊಣಕಾಲಿನ ಮಣ್ಣು ಕೆರೆಯುತ್ತಾ ಕೂತೇ ಇರುತ್ತಾನೆ, ಆಮೇಲೆ ಯಾರಿಗೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋಗುತ್ತಾನೆ. ನಾನೂ ಹಾಗೇ ಹೋದವನು, ಅದಕ್ಕೇ ಗೊತ್ತು.

ಅಭ್ಯಾಸಕ್ಕೆ ಅಮರ್ ಕಬಡ್ಡಿ ಆಡಿಸಿ. ಅದರಲ್ಲಿ ಮುಟ್ಟಿಸಿಕೊಂಡವನು ಹೊರಗೆ ಹೋಗುವುದಿಲ್ಲ, ಎದುರಿನವರಿಗೆ ಪಾಯಿಂಟ್ ಸಿಗುತ್ತದೆ, ಅಷ್ಟೇ. ಎಲ್ಲರೂ ಪೂರ್ತಿ ಹೊತ್ತು ಅಂಕಣದಲ್ಲೇ ಇರುತ್ತಾರೆ. ಟೂರ್ನಿ ಹತ್ತಿರ ಬಂದಾಗ ಮಾಮೂಲಿ ನಿಯಮಕ್ಕೆ ಬಂದರಾಯಿತು. ಆಗಲೂ ಅದೇ 7 ಜನರನ್ನು ಇಳಿಸಬೇಡಿ, ಬದಲಿ ಆಟಗಾರರು ಇರುವುದು ನೀರು ತರೋಕಲ್ಲ.

ಇನ್ನು ಟೆಂತ್ ಹುಡುಗರು. ಅವರಿಂದ ದಿನಾ ಎರಡು ಗಂಟೆ ಕೇಳಿದರೆ ಅಪ್ಪ ಅಮ್ಮ ಕಳಿಸೋದಿಲ್ಲ. ಟ್ಯೂಷನ್ ಬಿಟ್ಟ ಮೇಲೆ 40 ನಿಮಿಷ ಸಾಕು, ದೊಡ್ಡವರ ಪಂದ್ಯವೇ 20–20 ನಿಮಿಷದ್ದು. ಪರೀಕ್ಷೆ ತಿಂಗಳು ರಜೆ ಅಂತ ಮನೆಯವರಿಗೆ ಮೊದಲೇ ಹೇಳಿಬಿಡಿ, ಆ ತಿಂಗಳು ಬಾರದವರ ಹೆಸರು ಮಾತ್ರ ಪಟ್ಟಿಯಿಂದ ತೆಗೆಯಬೇಡಿ. ಪರೀಕ್ಷೆ ಮುಗಿಸಿ ಬಂದ ದಿನ ಕೈಗೆ ಒಂದು ಸೀಟಿ ಕೊಟ್ಟು, ಚಿಕ್ಕವರ ಪಂದ್ಯಕ್ಕೆ ರೆಫ್ರಿ ಮಾಡಿ ನೋಡಿ.