ಓದುಗರ ಪ್ರಶ್ನೆ: ಆಲಿಕೆ ಸಭೆಗೆ ಮುನ್ನ ಊರಿಗೆ ಏನು ತಿಳಿಸಬೇಕು?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಸರ್ಕಾರಿ ಕಚೇರಿಯೊಂದರಲ್ಲಿ ಗುತ್ತಿಗೆ ಆಧಾರದ ಮೇಲೆ ಮಾಹಿತಿ ಸಹಾಯಕಿಯಾಗಿದ್ದೇನೆ. ಕಾರ್ಖಾನೆಯೊಂದರ ವಿಸ್ತರಣೆಗೆ ಪರಿಸರ ಪರಿಣಾಮ ಮೌಲ್ಯಮಾಪನ (ಸುತ್ತಲಿನ ಪರಿಸರಕ್ಕೆ ಏನಾಗಬಹುದೆಂಬ ಅಧ್ಯಯನ) ನಡೆಯುತ್ತಿದ್ದು, ಅದರ ಬಗ್ಗೆ ಜನರ ಮಾತು ಕೇಳುವ ಸಾರ್ವಜನಿಕ ಆಲಿಕೆ ಸಭೆಗೆ ಪ್ರಚಾರ ಯೋಜನೆ ಸಿದ್ಧಪಡಿಸಲು ಹೇಳಿದ್ದಾರೆ. ಹಿಂದೊಮ್ಮೆ ಪತ್ರಿಕಾ ಪ್ರಕಟಣೆ ಕೊಟ್ಟು ಕರಪತ್ರ ಹಂಚಿದ್ದರೂ, ಸಭೆಗೆ ಬಂದವರು ‘ನಮಗ ಯಾರೂ ಏನೂ ಹೇಳಿಲ್ಲ’ ಎಂದು ಜಗಳಕ್ಕೆ ನಿಂತರು. ಎಲ್ಲಿ ತಪ್ಪಿದೆವು?

ಉತ್ತರ: ಪ್ರಕಟಣೆ ಹೊರಡಿಸಿದೊಡನೆ ತಿಳಿಸುವ ಕೆಲಸ ಮುಗಿಯಿತೆಂದು ನಿಮ್ಮ ಕಚೇರಿ ಭಾವಿಸಿದ್ದರಲ್ಲಿಯೇ ತಪ್ಪಿದೆ. 2006ರ ಸೆಪ್ಟೆಂಬರ್ 14ರ ಕೇಂದ್ರ ಅಧಿಸೂಚನೆಯಂತೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಜನರಿಗೆ ಕನಿಷ್ಠ 30 ದಿನಗಳ ಕಾಲಾವಕಾಶ ಕೊಟ್ಟು, ಒಂದು ರಾಷ್ಟ್ರೀಯ ಮತ್ತು ಒಂದು ಪ್ರಾದೇಶಿಕ ಭಾಷೆಯ ದಿನಪತ್ರಿಕೆಯಲ್ಲಿ ಸಭೆಯ ಪ್ರಕಟಣೆ ನೀಡಬೇಕು. ಪತ್ರಿಕೆ ತಲುಪದ ಊರುಗಳಲ್ಲಿ ಡಂಗುರ ಸಾರಿಸುವಂತಹ ದಾರಿಗಳನ್ನು ಹಿಡಿಯಬೇಕು. ಇಷ್ಟು ಮಾಡಿದರೆ ಕಡತ ಸರಿಯಾಗುತ್ತದೆ, ಆದರೆ ಸಭೆಯ ದಿನ ಮೈಕಿನ ಮುಂದೆ ನಿಲ್ಲುವ ಹೆಣ್ಣುಮಗಳಿಗೆ ಏನು ಕೇಳಬೇಕೆಂಬುದು ತಿಳಿದಿರುವುದಿಲ್ಲ.

ಮೊದಲು ಮೌಲ್ಯಮಾಪನ ವರದಿಯ ಕನ್ನಡ ಸಾರಾಂಶವನ್ನು ಗಟ್ಟಿಯಾಗಿ ಓದಿ ನೋಡಿ. ‘ಪರಿವೇಷ್ಟಿತ ವಾಯುವಿನಲ್ಲಿ ಕಣರೂಪಿ ದ್ರವ್ಯದ ಸಾಂದ್ರತೆಯು ನಿಗದಿತ ಮಿತಿಯೊಳಗಿದೆ’ ಎಂಬಂತಹ ವಾಕ್ಯಗಳು ಅಲ್ಲಿ ಸಿಕ್ಕರೆ, ಸಾರಾಂಶದ ಜೊತೆಗೆ ಒಂದು ಪುಟದ ತಿಳಿಗನ್ನಡ ವಿವರಣೆಯನ್ನು ನೀವೇ ಸಿದ್ಧಪಡಿಸಬೇಕಾಗುತ್ತದೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಶ್ಯಾವಿಗೆ ಒಣಹಾಕಿದವರು ಸಂಜೆ ಅದನ್ನು ತೆಗೆಯುವಾಗ ಬೆರಳಿಗೆ ಹತ್ತಿದ ಕರಿಮಸಿಯನ್ನು ತೋರಿಸಿ, ಇದು ಮಿತಿಯೊಳಗೆ ಹೇಗಾಯಿತು ಎಂದು ಕೇಳುತ್ತಾರೆ. ಇಲ್ಲಿ ವರದಿಯೂ ಸುಳ್ಳಾಗಿರಬೇಕಿಲ್ಲ, ಅವರ ಬೆರಳೂ ಸುಳ್ಳಲ್ಲ. ವರದಿ ಅಳೆದಿರುವುದು ಗಾಳಿಯಲ್ಲಿ ತೇಲುವ, 10 ಮೈಕ್ರಾನ್‌ವರೆಗಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಸಣ್ಣ ದೂಳನ್ನು. ಒಂದು ಘನ ಮೀಟರ್ ಗಾಳಿಯಲ್ಲಿ ಅದರ 24 ಗಂಟೆಗಳ ಸರಾಸರಿ 100 ಮೈಕ್ರೋಗ್ರಾಂ ಮೀರಬಾರದೆಂಬುದು 2009ರ ರಾಷ್ಟ್ರೀಯ ಮಾನದಂಡ. ಮಾಳಿಗೆಯ ಮೇಲೆ ಕಣ್ಣಿಗೆ ಕಾಣುವಂತೆ ಕೂರುವ ಮಸಿಯ ಬಹುಪಾಲು ಅದಕ್ಕಿಂತ ದಪ್ಪನಾದದ್ದು, ಹೀಗಾಗಿ ಈ ಲೆಕ್ಕಕ್ಕೆ ಅದು ಬರುವುದೇ ಇಲ್ಲ. ಇದನ್ನು ಸಭೆಗೆ ಮುಂಚೆಯೇ ಬಿಡಿಸಿ ಹೇಳಿದ್ದರೆ, ‘ಹಾಗಾದರೆ ಮಸಿಯನ್ನು ಯಾರು ಅಳೆಯುತ್ತಾರೆ?’ ಎಂಬ ಸರಿಯಾದ ಪ್ರಶ್ನೆ ಸಭೆಯ ನಡಾವಳಿಯಲ್ಲಿ ದಾಖಲಾಗುತ್ತಿತ್ತು.

ಹಾಗೆಯೇ, ಕಾರ್ಖಾನೆಯವರು ಕೊಡುವ ಬಣ್ಣದ ಕೈಪಿಡಿಯನ್ನು ನಿಮ್ಮ ಕರಪತ್ರದೊಂದಿಗೆ ಹಂಚಬೇಡಿ. ಉದ್ಯೋಗದ ಭರವಸೆಯನ್ನು ಅವರೇ ಸಭೆಯಲ್ಲಿ ಹೇಳಿಕೊಳ್ಳಲಿ. ಅದು ಸರ್ಕಾರಿ ಮುದ್ರೆಯ ಕೆಳಗೆ ಒಮ್ಮೆ ಬಂತೆಂದರೆ ನಿಮ್ಮ ಉಳಿದ ಮಾತನ್ನು ಯಾರೂ ನಂಬುವುದಿಲ್ಲ.

ಸಭೆಯ ದಿನಾಂಕ ನಿಮ್ಮ ಕೈಯಲ್ಲಿಲ್ಲದಿದ್ದರೂ ಮೇಲಧಿಕಾರಿಗಳಿಗೆ ಟಿಪ್ಪಣಿ ಬರೆಯುವ ಅವಕಾಶವಂತೂ ಇದೆ. ಸುಗ್ಗಿ ಮುಗಿದು ಒಣಭೂಮಿಯ ಊರುಗಳ ಜನ ಬೆಂಗಳೂರು, ಗೋವಾ ಕಡೆಗೆ ಗುಳೆ ಹೋದ ಮೇಲೆ, ಕಾಲುವೆ ಕೆಳಗಿನ ಊರುಗಳಲ್ಲಿ ಭತ್ತದ ನಾಟಿ ನಡೆದಿರುವಾಗ, ಅಥವಾ ಗವಿಮಠದ ಜಾತ್ರೆಯ ದಿನಗಳಲ್ಲಿ ಸಭೆ ಇಟ್ಟರೆ ಖಾಲಿ ಕುರ್ಚಿಗಳೇ ಉಳಿಯುತ್ತವೆ. ಹಾಗೆಂದು ಸಭೆ ನಿಲ್ಲುವುದೂ ಇಲ್ಲ, ಏಕೆಂದರೆ ಇಂತಿಷ್ಟು ಜನ ಸೇರಲೇಬೇಕೆಂಬ ನಿಯಮ ಇದಕ್ಕಿಲ್ಲ. ‘ನಾವು ಹೋಗದಿದ್ದರ ಸಭಾ ಆಗೂದಿಲ್ಲ’ ಎಂದು ನಂಬಿ ಮನೆಯಲ್ಲಿಯೇ ಉಳಿಯುವವರು ಇರುವುದರಿಂದ, ಕರಪತ್ರದ ಮೊದಲ ಸಾಲಿನಲ್ಲಿಯೇ ಈ ಸಂಗತಿಯನ್ನು ಹಾಕಿ. ಇದು ಮತದಾನವಲ್ಲ, ಕೈಯೆತ್ತಿದವರ ಎಣಿಕೆಯಿಂದ ಪರವಾನಗಿ ಸಿಗುವುದೂ ಇಲ್ಲ, ನಿಲ್ಲುವುದೂ ಇಲ್ಲ ಎಂಬುದನ್ನೂ ಸೇರಿಸಿ. ಪ್ರಚಾರಕ್ಕೆ ಹೊಸಪೇಟೆ ಆಕಾಶವಾಣಿ, ಸಂತೆಯ ದಿನ, ಸ್ವಸಹಾಯ ಸಂಘಗಳ ವಾರದ ಸಭೆ ಸಾಕು. ತಾಂಡಾಗಳಿಗೆ ಮಾತ್ರ ಲಂಬಾಣಿ ಮಾತನಾಡುವವರನ್ನೇ ಕಳಿಸಿ.

ಪ್ರಶ್ನೆ: ನಮ್ಮೂರ ಬಳಿಯ ಗಣಿಯೊಂದಕ್ಕೂ ಇಂತಹ ಸಭೆ ಇದೆ. ವರದಿ ಎಲ್ಲಿ ನೋಡಲು ಸಿಗುತ್ತದೆ? ಬರಲಾಗದವರು ಏನು ಮಾಡಬೇಕು? (ಗ್ರಾಮ ಪಂಚಾಯಿತಿ ಸದಸ್ಯೆ, ಸಂಡೂರು ತಾಲ್ಲೂಕು)

ಉತ್ತರ: ಕರಡು ವರದಿ ಮತ್ತು ಕನ್ನಡ ಸಾರಾಂಶವನ್ನು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ಕಚೇರಿ ವೇಳೆಯಲ್ಲಿ ನೋಡಬಹುದು. ಬಳ್ಳಾರಿಗೆ ಹೋಗಿ ಬರುವ ಖರ್ಚು ಎಲ್ಲರಿಗೂ ಆಗದು. ಆದ್ದರಿಂದ ಸಾರಾಂಶದ ಪ್ರತಿಯೊಂದನ್ನು ತಂದು ಗ್ರಾಮಸಭೆಯಲ್ಲಿ ಓದಿಸಿ. ಬರಲಾಗದವರು ತಮ್ಮ ಆಕ್ಷೇಪಣೆಯನ್ನು ಲಿಖಿತವಾಗಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಲ್ಲಿಸಿ ಸ್ವೀಕೃತಿ ಪಡೆಯಲಿ. ‘ದೂಳು ಹೆಚ್ಚು’ ಎಂದಷ್ಟೇ ಬರೆಯದೆ, ಅದಿರಿನ ಲಾರಿಗಳು ಯಾವ ರಸ್ತೆಯಲ್ಲಿ, ಯಾವ ಹೊತ್ತಿನಲ್ಲಿ, ಯಾವ ಶಾಲೆಯ ಮುಂದೆ ಓಡಾಡುತ್ತವೆಂದು ಬರೆದರೆ ಕಂಪನಿ ಅದಕ್ಕೆ ನಿರ್ದಿಷ್ಟ ಉತ್ತರ ಕೊಡಬೇಕಾಗುತ್ತದೆ. ಸಭೆಯ ಕೊನೆಗೆ ನಡಾವಳಿಯ ಸಾರವನ್ನು ಕನ್ನಡದಲ್ಲಿ ಓದಿ ಹೇಳಲೇಬೇಕು. ಅಲ್ಲಿಯವರೆಗೆ ಯಾರೂ ಎದ್ದು ಹೋಗದಂತೆ ನೋಡಿಕೊಳ್ಳಿ, ನಿಮ್ಮ ಮಾತು ಬಿಟ್ಟುಹೋಗಿದ್ದರೆ ಅಲ್ಲಿಯೇ ಸೇರಿಸಲು ಕೇಳಿ.